ಸಾಗವಾನಿ ಬೆಳೆಯದ ವರ್ಷ

ಹೋದ ತಿಂಗಳು ನಮ್ಮ ಮನೆಯ ಹಿತ್ತಲ ಬಾಗಿಲು ಕೊನೆಗೂ ಕೈಕೊಟ್ಟಿತು. ಗೆದ್ದಲು ತಿಂದು ತಿಂದು ಚೌಕಟ್ಟು ಹಪ್ಪಳವಾಗಿತ್ತು. ಬಾಗಲಕೋಟೆಯ ನವನಗರದಲ್ಲಿ ಬಡಿಗೇರರ ಅಂಗಡಿಗೆ ಹೋಗಿ, ಹಿನ್ನೀರಿನ ಮುಳುಗಡೆಗೆ ಸಿಕ್ಕ ಮನೆಯೊಂದರಿಂದ ಬಿಚ್ಚಿ ತಂದಿದ್ದ ಹಳೆಯ ಸಾಗವಾನಿ ತೊಲೆಯನ್ನು ಆರಿಸಿ, ಕೊಯ್ದು ಮುಗಿಯುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಗರಗಸ ಒಳಗಿಳಿದ ಹಾಗೆ ವಾಸನೆ ಎದ್ದಿತು. ಹಳೆಯ ತೊಗಲು, ಸ್ವಲ್ಪ ಎಣ್ಣೆ, ಗಂಟಲಲ್ಲಿ ಸಣ್ಣಗೆ ಕಾರ. ಎಷ್ಟೋ ವರ್ಷದಿಂದ ಮೂಗಿಗೆ ಬಿದ್ದಿರದ ವಾಸನೆ. ನನಗೆ ಅರಿವಿಲ್ಲದೆಯೇ ಎದ್ದು, ಕತ್ತರಿಸಿದ ತುದಿಯ ಮೇಲೆ ಬಗ್ಗಿ, ಉಗುರಿನಿಂದ ಗೆರೆ ಎಣಿಸತೊಡಗಿದ್ದೆ.

"ಏನ್ ಎಣಿಸಾಕತ್ತೀರಿ ಟೀಚರ್? ಕಟ್ಟಿಗಿ ಒಳಗ ಹುಳ ಇಲ್ಲರಿ, ನಂದು ಗ್ಯಾರಂಟಿ," ಎಂದ ಬಡಿಗೇರ.

ಹುಳ ಅಲ್ಲಪ್ಪಾ, ವರ್ಷ ಎಣಿಸುತ್ತಿದ್ದೇನೆ ಎನ್ನಲು ನಾಚಿಕೆಯಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನ್ನ ಬಗ್ಗೆ ಊರಲ್ಲಿ ಒಂದಿಷ್ಟು ಮರ್ಯಾದೆ ಇದೆ, ಅದು ಇರಲಿ ಎಂದು ಸುಮ್ಮನಾದೆ. ಆದರೆ ಮನೆಗೆ ಬಂದಮೇಲೂ ಕೈಯಿಂದ ಆ ವಾಸನೆ ಹೋಗಲಿಲ್ಲ. ಅದರ ಜೊತೆಗೆ ಆ ಒಂದು ವರ್ಷವೂ ಬಂತು. ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನಾನು ಮರಗಳ ಹೊಟ್ಟೆಯೊಳಗಿನ ಮಳೆಯನ್ನು ಎಣಿಸುವ ಕೆಲಸಕ್ಕೆ ಸೇರಿದ ವರ್ಷ ಅದು. ನಾನು ಮಾಡಿದ ದೊಡ್ಡ ತಪ್ಪಿನ ವರ್ಷವೂ ಅದೇ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಪಡಸಾಲೆಯಲ್ಲಿ ನೆಲದ ಕುಣಿಗೆ ಇಳಿದು ಕುಳಿತು ನೇಯುವ ಕುಣಿಮಗ್ಗ, ಮೂಲೆಯಲ್ಲಿ ರಾಟೆ. ಮಾತು ಕಲಿಯುವ ಮೊದಲೇ ನಾನು ಎಳೆ ಎಣಿಸುವುದನ್ನು ಕಲಿತೆ ಎಂದು ಅಪ್ಪ ಹೇಳುತ್ತಿದ್ದ. ಅದು ಉತ್ಪ್ರೇಕ್ಷೆ, ಆದರೆ ತೀರ ಸುಳ್ಳೂ ಅಲ್ಲ. ಆ ವರ್ಷ ಜನವರಿಯಲ್ಲಿ ಮೈಸೂರು ಕಡೆಯಿಂದ ವಸುಧಾ ಮೇಡಂ ಎಂಬ ವಿಜ್ಞಾನಿ ಬಾಗಲಕೋಟೆಗೆ ಬಂದು, ಕಾಲೇಜೊಂದರಲ್ಲಿ ಖಾಲಿ ಬಿದ್ದಿದ್ದ ಕೋಣೆ ಹಿಡಿದು, ಒಂದು ವರ್ಷಕ್ಕೆ ಸಹಾಯಕರು ಬೇಕು ಎಂದು ಹೇಳಿಕಳಿಸಿದರು. ಸಂದರ್ಶನಕ್ಕೆ ಹೋದವರಿಗೆಲ್ಲ ಅವರು ಒಂದು ಸಾಗವಾನಿ ತುಂಡು ಕೊಟ್ಟು ಎಣಿಸಲು ಹೇಳಿದರು. ಉಳಿದವರು ಒಂದೊಂದು ಸಲಕ್ಕೆ ಒಂದೊಂದು ಸಂಖ್ಯೆ ಹೇಳಿದರಂತೆ. ನಾನು ಮೂರು ಸಲ ಎಣಿಸಿ ಮೂರೂ ಸಲ ಒಂದೇ ಹೇಳಿದೆ.

"ಎಲ್ಲಿ ಕಲಿತೆ ಇದನ್ನ?" ಎಂದರು ಮೇಡಂ.

"ಮಗ್ಗದ ಮ್ಯಾಲ್ರಿ."

ಕೆಲಸ ಸಿಕ್ಕಿತು. ಅಂದಿನಿಂದ ನನಗೆ ಸ್ವಲ್ಪ ಕೋಡು ಮೂಡಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕೆಲಸ ಕೇಳಲು ಸರಳ. ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ, ಮಳೆ ಬಿದ್ದಮೇಲೆ ಎದ್ದು ಬೆಳೆಯುತ್ತದೆ. ಹಾಗೆ ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾಗಿ ಆದ ವರ್ಷ ಉಂಗುರ ಅಗಲ, ಕೈಕೊಟ್ಟ ವರ್ಷ ಸಪೂರ. ತೊಗಟೆಯಿಂದ ಒಳಕ್ಕೆ ಎಣಿಸುತ್ತ ಹೋದರೆ, ಮಳೆಯ ದಾಖಲೆ ಯಾರೂ ಬರೆದಿಡದ ಕಾಲವನ್ನೂ ಓದಬಹುದು. ಹೀಗೆ ಹಲವಾರು ಕಡೆಯ ಮರಗಳನ್ನು ಕೂಡಿಸಿ, ನಮ್ಮ ಸೀಮೆಯ ಹವಾಮಾನ ಹೇಗೆ ಬದಲಾಗುತ್ತ ಬಂತು ಎಂದು ಕಂಡುಕೊಳ್ಳುವುದು ಮೇಡಂ ಅವರ ಉದ್ದೇಶ. ಅದಕ್ಕಾಗಿ ಮರ ಕಡಿಯಬೇಕಿಲ್ಲ. ಟೊಳ್ಳಾದ ಒಂದು ಬೈರಿಗೆಯನ್ನು ಕಾಂಡದೊಳಗೆ ತಿರುವಿದರೆ ಪೆನ್ಸಿಲ್ಲಿಗಿಂತ ತೆಳ್ಳಗಿನ ಕಡ್ಡಿಯೊಂದು ಹೊರಗೆ ಬರುತ್ತದೆ.

ಆ ಬೈರಿಗೆಗೆ ನಮ್ಮ ಕಡೆ ಗಿರಮಿಟ್ ಎನ್ನುತ್ತಾರೆ. ಅದರಿಂದಾಗಿ ಮೊದಲ ದಿನವೇ ಒಂದು ಫಜೀತಿ ಆಯಿತು. ಬಾದಾಮಿಯಿಂದ ಸ್ವಲ್ಪ ಆಚೆ, ಗುಡ್ಡದ ಓರೆಯಲ್ಲಿ ಮೌಲಾಸಾಬ ಕಾಕಾ ಅವರ ಹೊಲ. ಹೊಲದ ಅಂಚಿನಲ್ಲಿ ಅವರ ಅಜ್ಜ ಹಚ್ಚಿದ ಮೂರು ಸಾಗವಾನಿ. "ಕಾಕಾ, ನಾಳೆ ಬರ್ತೀವಿ, ನಿಮ್ಮ ಗಿಡದ ಹತ್ತಿರ ಗಿರಮಿಟ್ ಐತಿ" ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಹೋಗಿ ನೋಡಿದರೆ ಮರದ ಬುಡದಲ್ಲಿ ಚಾಪೆ ಹಾಸಿ, ಮನೆಮಂದಿಯನ್ನೆಲ್ಲ ಕರೆದುಕೊಂಡು, ಚುರಮುರಿ ಕಲಸಿದ ಗಿರಮಿಟ್ ಯಾವಾಗ ಬರುತ್ತದೆಂದು ಕಾಯುತ್ತಿದ್ದಾರೆ! ಮೇಡಂ ಚೀಲದಿಂದ ಕಬ್ಬಿಣದ ಬೈರಿಗೆ ತೆಗೆದಾಗ ಕಾಕಾ ಅವರ ಮುಖ ನೋಡಬೇಕಿತ್ತು.

"ಇದನ್ನ ತಿನ್ನೂದು ಹ್ಯಾಂಗವಾ?" ಎಂದರು.

ಎರಡನೇ ಸಲ ಹೋಗುವಾಗ ಬಾದಾಮಿ ಸ್ಟ್ಯಾಂಡಿನಲ್ಲಿ ನಿಜವಾದ ಗಿರಮಿಟ್, ಮಿರ್ಚಿ ಭಜಿ ಕಟ್ಟಿಸಿಕೊಂಡೇ ಹೋದೆವು.

ಮಲಪ್ರಭೆಯ ದಂಡೆಗೆ, ಶಿವಯೋಗ ಮಂದಿರದ ಕಡೆ, ಇನ್ನೊಂದು ತೋಟದಲ್ಲೂ ಕಡ್ಡಿ ತೆಗೆದೆವು. ಅಲ್ಲಿಯ ಮರಗಳು ದಪ್ಪಗೆ, ನೆಟ್ಟಗೆ, ನೋಡಲು ಕಣ್ಣಿಗೆ ಹಬ್ಬ. ಇವೇ ಒಳ್ಳೆಯವು, ಆ ಗುಡ್ಡದ ಸೊಟ್ಟ ಮರ ಯಾಕೆ ಬೇಕು ಎಂದು ನಾನು ಕೇಳಿದೆ. ಮೇಡಂ ನಕ್ಕರು. "ಹೊಳೆ ದಂಡೆಯ ಮರಕ್ಕೆ ಬೇರಿನ ಕೆಳಗೇ ನೀರಿದೆ ನೀಲಾ. ಮಳೆ ಬರಲಿ ಬಿಡಲಿ, ಅದು ಉಂಡುಕೊಂಡು ಬೆಳೀತಾ ಇರುತ್ತೆ. ಹಸಿದದ್ದು ಗೊತ್ತಿರೋದು ಗುಡ್ಡದ ಮರಕ್ಕೆ ಮಾತ್ರ." ದಂಡೆಯ ಮರಗಳಲ್ಲೂ ಸಣ್ಣ ಏರಿಳಿತ ಇರುತ್ತದೆ, ಅವು ನಮಗೆ ಬೇಕಾದದ್ದು ವರ್ಷಗಳ ಲೆಕ್ಕ ಸರಿಯಾಗಿದೆಯೇ ಎಂದು ತಾಳೆ ನೋಡಲಿಕ್ಕೆ. ಹಸಿವಿನ ಸುದ್ದಿ ಹೇಳುವುದು ಗುಡ್ಡದವು.

ಮಾರ್ಚಿನಿಂದ ಮೇಡಂ ಹೆಚ್ಚಾಗಿ ಮೈಸೂರಿನಲ್ಲೇ ಇದ್ದರು. ಕೋಣೆ, ಸೂಕ್ಷ್ಮದರ್ಶಕ, ಕಡ್ಡಿಗಳು ಎಲ್ಲ ನನ್ನ ಸುಪರ್ದಿ. ಬಾಗಲಕೋಟೆಯ ಬೇಸಿಗೆ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಫ್ಯಾನು ಹಾಕಿದರೆ ಪುಡಿ ಹಾರುತ್ತದೆ, ಹಾಕದಿದ್ದರೆ ಬೆವರು ಕಡ್ಡಿಯ ಮೇಲೆ ಬೀಳುತ್ತದೆ. ಮೂಗಿಗೆ ಅರಿವೆ ಕಟ್ಟಿಕೊಂಡು ಒರಟು ಪಾಲಿಶ್ ಕಾಗದದಿಂದ ಶುರುಮಾಡಿ ನುಣುಪು ಕಾಗದದವರೆಗೆ ಉಜ್ಜುವುದು. ಉಂಗುರಗಳು ಕನ್ನಡಿಯಲ್ಲಿ ಮುಖ ಕಂಡ ಹಾಗೆ ಕಾಣುವವರೆಗೆ ಉಜ್ಜುವುದು. ಆಮೇಲೆ ಒಂದೊಂದರ ಅಗಲ ಅಳೆದು ಬರೆಯುವುದು. ಹತ್ತು ವರ್ಷಕ್ಕೊಂದು ಚುಕ್ಕೆ, ಐವತ್ತಕ್ಕೆ ಎರಡು. ಆ ಮರದ ಪುಡಿ ನನ್ನ ಕೂದಲಲ್ಲಿ, ಊಟದ ಡಬ್ಬಿಯಲ್ಲಿ, ಎಲ್ಲ ಕಡೆ. ಶನಿವಾರ ಊರಿಗೆ ಹೋದರೆ ಆಯಿ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ಜಳಕಾ ಮಾಡಿ ಒಳಗ ಬಾ, ಬಡಿಗ್ಯಾರ ಹಂಗ ನಾರಾಕತ್ತಿ" ಎನ್ನುತ್ತಿದ್ದಳು.

ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಮನೆಯ ನಿಜವಾದ ಯಜಮಾನಿ. ಎಪ್ಪತ್ತು ದಾಟಿದ್ದರೂ ದಿನವಿಡೀ ರಾಟೆಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಾತು ಕಡಿಮೆ, ಆಡಿದರೆ ಖಾರ. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವಳು ಸರೋಜತ್ತೆ, ಸಣ್ಣವನು ನಮ್ಮಪ್ಪ. ಅತ್ತೆಗೆ ಐದು ತುಂಬಿದಾಗ ಆಯಿ ಅವಳನ್ನು ಕಲಾದಗಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಕೊಟ್ಟುಬಿಟ್ಟಳು. ಅಕ್ಕನಿಗೆ ಮಕ್ಕಳಿರಲಿಲ್ಲ, ಗಂಡ ಅಂಗಡಿ ಇಟ್ಟುಕೊಂಡಿದ್ದ, ಊಟಕ್ಕೆ ತೊಂದರೆ ಇರಲಿಲ್ಲ. ಅತ್ತೆ ಅಲ್ಲೇ ಬೆಳೆದಳು, ಅಲ್ಲೇ ಶಾಲೆ ಕಲಿತಳು, ಮದುವೆಯನ್ನೂ ಅವರೇ ಮಾಡಿದರು. ಮದುವೆಯಾಗಿ ಬಂದದ್ದು ಹುನಗುಂದಕ್ಕೆ, ನಮ್ಮ ಪಕ್ಕದಲ್ಲೇ. ಆದರೂ ತಾಯಿ ಮಗಳ ಮನೆಗೆ ಹೋದವಳಲ್ಲ. ಮಗಳು ತವರಿಗೆ ಬಂದರೆ ಸಾವಿಗೋ ಮದುವೆಗೋ, ಬಂದ ದಿನವೇ ವಾಪಸ್ಸು.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಯಿ ಹೇಳುತ್ತಿದ್ದದ್ದು: ಆ ವರ್ಷ ಮಳೆಯೇ ಆಗಲಿಲ್ಲ. ಮಳೆ ಇಲ್ಲದಿದ್ದರೆ ರೈತರ ಮನೆಯಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಸೀರೆ ಬೇಡ, ಸೀರೆ ಬೇಡವಾದರೆ ಸಾಹುಕಾರ ನೂಲು ಕೊಡುವುದಿಲ್ಲ. ಮಗ್ಗ ನಿಂತಿತು. ಇಬ್ಬರಿಗೆ ಉಣಿಸಲಾಗದೆ ಒಬ್ಬಳನ್ನು ಕೊಟ್ಟೆ. ಅತ್ತೆ ಹೇಳುತ್ತಿದ್ದದ್ದು: ಎಲ್ಲರೂ ನೆನೆಯುವ ಆ ದೊಡ್ಡ ಬರ ಮುಗಿದು ಎರಡು ವರ್ಷವಾಗಿತ್ತು. ನಾನು ಕಲಾದಗಿಯ ಶಾಲೆಗೆ ಸೇರಿದ ವರ್ಷ ದಾಖಲೆಯಲ್ಲಿದೆ, ಯಾರನ್ನು ಬೇಕಾದರೂ ಕೇಳಿ. ಬರ ಬಂದದ್ದು ಅವ್ವನ ಬಾಯಿಯಲ್ಲಿ ಮಾತ್ರ. ಗಂಡುಮಗನನ್ನು ಇಟ್ಟುಕೊಂಡಳು, ಹೆಣ್ಣನ್ನು ಕೊಟ್ಟಳು.

ಯಾರನ್ನು ಕೇಳಿದರೂ ಅವರಿಗೆ ದೊಡ್ಡ ಬರವೇ ನೆನಪಿತ್ತು. ಅದಾದ ಮೇಲೆ ಇನ್ನೊಂದು ಕೆಟ್ಟ ವರ್ಷ ಬಂದಿತ್ತೇ ಎಂದು ಯಾರಿಗೂ ಖಾತ್ರಿ ಇರಲಿಲ್ಲ.

ಜುಲೈಯಲ್ಲಿ ಅಳತೆ ಮುಗಿಯುತ್ತ ಬಂದಿತ್ತು. ಗುಡ್ಡದ ಮೂರೂ ಮರಗಳ ಏರಿಳಿತ ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿತ್ತು. ಇವನ್ನು ಹೊಳೆ ದಂಡೆಯ ಮರಗಳ ಪಕ್ಕಕ್ಕಿಟ್ಟು ತಾಳೆ ನೋಡಿದೆ. ತೊಗಟೆಯಿಂದ ಒಳಕ್ಕೆ ಸುಮಾರು ದೂರದವರೆಗೆ ಎರಡೂ ಜೊತೆಜೊತೆಗೆ ಬಂದವು. ಒಂದು ಜಾಗದಿಂದಾಚೆಗೆ ಕೂಡಲಿಲ್ಲ. ಗುಡ್ಡದವು ಒಂದು ವರ್ಷ ಕಡಿಮೆ! ಒಂದು ಉಂಗುರ ಸರಿಸಿ ನೋಡಿದರೆ ಮತ್ತೆ ಒಳಗಿನವರೆಗೂ ಸರಿಯಾಗಿ ಕೂಡುತ್ತಿತ್ತು. ಅಂದರೆ ನಡುವೆ ಒಂದು ಉಂಗುರ ತಪ್ಪಿದೆ. ಮೂರೂ ಕಡ್ಡಿಗಳನ್ನು ಮತ್ತೆ ಉಜ್ಜಿ ನೋಡಿದೆ. ಕಾಣಲಿಲ್ಲ. ನನ್ನ ಕೈಯೇ ತಪ್ಪಿ ಉಜ್ಜುವಾಗ ಅಳಿಸಿರಬೇಕು ಎನಿಸಿತು.

ಆಗ ನಾನು ಮಾಡಿದ್ದು ನೇಕಾರರ ಮನೆಯ ಹುಡುಗಿ ಮಾಡುವುದನ್ನೇ. ಮಗ್ಗದ ಮೇಲೆ ಉದ್ದಕ್ಕೆ ಹೋಗುವ ಹಾಸಿನ ಎಳೆ ಕಡಿದರೆ ಕುಳಿತು ಅಳುವುದಿಲ್ಲ. ಪಕ್ಕದ ಎಳೆಗಳ ಬಣ್ಣ ನೋಡಿ, ಅದೇ ನೂಲಿನ ತುಂಡು ತಂದು, ಗಂಟು ಹಾಕಿ ಮುಂದಕ್ಕೆ ಹೋಗುತ್ತೇವೆ. ಎಳೆ ಬಿಟ್ಟುಹೋದ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ಗಂಟು ಕಾಣದ ಹಾಗೆ ಹಾಕುವವನೇ ಒಳ್ಳೆಯ ನೇಕಾರ. ಹಾಗೆಯೇ ನಾನೂ ಹಿಂದಿನ ವರ್ಷದ ಅಗಲ, ಮುಂದಿನ ವರ್ಷದ ಅಗಲ ಕೂಡಿಸಿ, ಅರ್ಧ ಮಾಡಿ, ಆ ಅಂಕಿಯನ್ನು ಮೂರೂ ಪಟ್ಟಿಯಲ್ಲಿ ಆ ಜಾಗಕ್ಕೆ ತುಂಬಿದೆ. ಎಲ್ಲ ಸರಿಹೋಯಿತು. ಮೋಸ ಮಾಡುತ್ತಿದ್ದೇನೆ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಅಚ್ಚುಕಟ್ಟು ಮಾಡುತ್ತಿದ್ದೇನೆ ಎಂದುಕೊಂಡೆ. ಚಹಾ ಕುಡಿದು ಬಂದು ಮುಂದಿನ ಕೆಲಸ ಹಿಡಿದೆ, ವಾರದೊಳಗೆ ಅದನ್ನು ಮರೆತೂಬಿಟ್ಟೆ.

ಆಗಸ್ಟಿನಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರು ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಆಡಬೇಕು. ಆ ವರ್ಷ ಅಪ್ಪ ಹುನಗುಂದಕ್ಕೆ ಹೋಗಿ ಕೈಮುಗಿದು ಕರೆದನೋ ಏನೋ, ಸರೋಜತ್ತೆ ಬಂದಳು. ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಆಯಿ ಮಗಳ ಮುಂದೆ ಉಂಡಿಯ ಡಬ್ಬಿ ಇಟ್ಟು, "ಎಳ್ಳುಂಡಿ ನಿನಗ ಅಂತ ಬ್ಯಾರೆ ಮಾಡೇನಿ. ಸಣ್ಣಾಕಿ ಇದ್ದಾಗ ಬರೇ ಅದನ್ನ ಬೇಡತಿದ್ದಿ" ಎಂದಳು.

ಅತ್ತೆ ಉಂಡಿ ಮುಟ್ಟಲಿಲ್ಲ. "ನೆನಪೈತೇನು ನಿನಗ? ನನಗ ನೆನಪಿಲ್ಲ. ಬೇಡೂ ವಯಸ್ಸಿನ್ಯಾಗ ನಾ ಇಲ್ಲಿ ಇರಲಿಲ್ಲಲ್ಲ," ಎಂದಳು.

"ಮತ್ತ ಅದನ್ನ ತಗೀಬ್ಯಾಡ ಸರೂ. ಹೇಳೇನಿ. ಆ ವರ್ಷ ಮುಂಗಾರಿನೂ ಹೋತು, ಹಿಂಗಾರಿನೂ ಹೋತು. ಹನಿ ಬೀಳಲಿಲ್ಲ."

"ಬರ ಮುಗದು ಎರಡ ವರ್ಷ ಆಗಿತ್ತವಾ. ಎಷ್ಟ ಸಲ ಸುಳ್ಳ ಹೇಳ್ತಿ?"

ಅಪ್ಪ ಎದ್ದು ಮಗ್ಗದ ಕುಣಿಗೆ ಇಳಿದು ಕುಳಿತ. ಅವನಿಗೆ ಕಷ್ಟ ಬಂದಾಗಲೆಲ್ಲ ಹೋಗುವ ಜಾಗ ಅದು. ನಾನಾದರೂ ಸುಮ್ಮನಿರಬೇಕಿತ್ತು. ಆದರೆ ನನ್ನ ಚೀಲದಲ್ಲಿ ಅಳತೆಯ ಪುಸ್ತಕ ಇತ್ತು, ತಲೆಯಲ್ಲಿ ಕೋಡು ಇತ್ತು. ಇಷ್ಟು ವರ್ಷದ ಜಗಳಕ್ಕೆ ನಾನು ತೀರ್ಪು ಕೊಡಬಲ್ಲೆ ಎನಿಸಿತು.

"ತಡೀರಿ ಅತ್ತಿ, ನೀವು ಸಾಲಿಗೆ ಸೇರಿದ್ದು ಯಾ ವರ್ಷ?" ಎಂದು ಕೇಳಿ ಪುಸ್ತಕ ಬಿಚ್ಚಿದೆ. ಆ ವರ್ಷದ ಸಾಲಿನ ಮೇಲೆ ಬೆರಳಿಟ್ಟೆ. ಉಂಗುರ ಅಗಲವೂ ಅಲ್ಲ, ಸಪೂರವೂ ಅಲ್ಲ, ನಡುವಿನದು. "ಆಯಿ, ನಿಂದ ತಪ್ಪೈತಿ ನೋಡು. ಆ ವರ್ಷ ಗಿಡ ಚಲೋನ ಬೆಳದಾವ. ಮಳಿ ಆಗೇತಿ."

"ಯಾ ಗಿಡ?"

"ಬಾದಾಮಿ ಗುಡ್ಡದಾವು."

ಆಯಿ ಉಂಡಿಯ ಡಬ್ಬಿಗೆ ಮುಚ್ಚಳ ಹಾಕಿದಳು. "ಹಂಗಾರ ಗಿಡಾನ ಖರೆ," ಎಂದಳು. "ನಾನ ಸುಳ್ಳ."

ಅತ್ತೆ ಗೆದ್ದಳು ಎಂದು ನಾನು ತಿಳಿದಿದ್ದೆ. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಯಾರೋ ಕಪಾಳಕ್ಕೆ ಹೊಡೆದವರಂತೆ ಕುಳಿತಿದ್ದಳು. ಇಷ್ಟು ವರ್ಷ ತಾಯಿ ಸುಳ್ಳು ಹೇಳುತ್ತಾಳೆ ಎಂದು ಜಗಳ ತೆಗೆಯುತ್ತಿದ್ದರೂ, ಒಳಗೊಳಗೆ ಅದು ನಿಜವಿರಲಿ ಎಂದು ಆಸೆಪಟ್ಟಿದ್ದಳೇನೋ. ಅದನ್ನೂ ನಾನು ಕಿತ್ತುಕೊಂಡಿದ್ದೆ. ಊಟಕ್ಕೆ ಎಲೆ ಹಾಕುವ ಮೊದಲೇ ಅವಳು ಚೀಲ ಹಿಡಿದು ಹೊರಟಳು. ಅಂದಿನಿಂದ ಆಯಿ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಶನಿವಾರ ಹೊಸ್ತಿಲಲ್ಲಿ ನಿಲ್ಲಿಸಿ ಜಳಕ ಮಾಡು ಎನ್ನುವುದನ್ನೂ ಬಿಟ್ಟಳು.

ಸೆಪ್ಟೆಂಬರಿನಲ್ಲಿ ವಸುಧಾ ಮೇಡಂ ಬಂದರು. ನನ್ನ ಪಟ್ಟಿಗಳನ್ನು ನೋಡಿ, "ಎಷ್ಟು ಚೆನ್ನಾಗಿ ಮಾಡಿದೀಯಾ!" ಎಂದರು. ನಾನು ಉಬ್ಬಿದೆ. ಅವರು ಕಡ್ಡಿಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಟ್ಟಿ ಹಿಡಿದು ತಾಳೆ ನೋಡುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಅವರ ಬೆರಳು ಒಂದು ಕಡೆ ನಿಂತಿತು.

"ನೀಲಾ, ಈ ವರ್ಷದ ಉಂಗುರ ಎಲ್ಲಿದೆ ತೋರಿಸಮ್ಮ."

ಬಗ್ಗಿ ನೋಡಿದೆ. ವರ್ಷ ಯಾವುದೆಂದು ನೋಡಿದೆ. ಅದು ನಾನು ಹಾಕಿದ ಗಂಟು. ಪಂಚಮಿಯ ದಿನ ಆಯಿಯ ಮುಂದೆ ನಾನು ಬೆರಳಿಟ್ಟು ಓದಿದ ಸಾಲೂ ಅದೇ. ಗಂಟು ಎಷ್ಟು ಚೆನ್ನಾಗಿ ಹಾಕಿದ್ದೆನೆಂದರೆ ನನಗೇ ಅದರ ಗುರುತು ಸಿಕ್ಕಿರಲಿಲ್ಲ.

ಹೇಳಿದೆ. ಒಂದು ತಪ್ಪಿತ್ತು, ಸರಿಮಾಡಿದೆ ಎಂದೆ. ಮಗ್ಗದ ಕಥೆಯನ್ನೂ ಹೇಳಿದೆ. ಮೇಡಂ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕುಳಿತರು.

"ತಪ್ಪಿದ್ದು ನಿನ್ನ ಕೈಯಲ್ಲ. ಮರವೇ ಆ ವರ್ಷ ಉಂಗುರ ಹಾಕಿಲ್ಲ. ತೀರಾ ಕಷ್ಟ ಬಂದಾಗ ಹೀಗಾಗತ್ತೆ, ಬೆಳೆಯೋದನ್ನೇ ನಿಲ್ಲಿಸಿ ಬರೀ ಜೀವ ಹಿಡ್ಕೊಂಡಿರುತ್ತೆ. ಅಲ್ಲಿ ಸೊನ್ನೆ ಬರೀಬೇಕಿತ್ತು. ನಾವು ಇಷ್ಟೆಲ್ಲಾ ಹುಡುಕ್ತಿರೋದು ಇಂಥ ವರ್ಷಗಳನ್ನೇ, ನೀನು ಅದನ್ನೇ ತುಂಬಿಬಿಟ್ಟೆಯಲ್ಲಮ್ಮಾ."

ಆಮೇಲೆ ಪುಸ್ತಕ ನನ್ನ ಕಡೆ ತಳ್ಳಿ, ಅಂಕಿಯನ್ನು ಅಳಿಸದೆ ಅದರ ಮೇಲೆ ಒಂದೇ ಗೆರೆ ಎಳೆದು, ಇದನ್ನು ಅಳೆದದ್ದಲ್ಲ, ನಾನು ಹಾಕಿದ್ದು ಎಂದು ಬರೆದು ಸಹಿ ಮಾಡಲು ಹೇಳಿದರು. ಮೂರು ಪಟ್ಟಿ, ಮೂರು ಸಹಿ. ಅಷ್ಟು ನಾಚಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಆದರೆ ಆ ನಾಚಿಕೆ ಮೇಡಂ ಎದುರಿನದಲ್ಲ. ಆಯಿಯ "ನಾನ ಸುಳ್ಳ" ಎಂಬ ಮಾತು ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ಒಂದು ಮರವಾದರೆ ಹುಳ ಬಿದ್ದಿರಬಹುದು, ಯಾರೋ ಕೊಂಬೆ ಸವರಿರಬಹುದು, ಮೂರೂ ಮರ ಒಂದೇ ವರ್ಷ ಬೆಳೆಯದೆ ನಿಂತಿವೆ ಎಂದರೆ ಮಳೆಯದೇ ಕಾರಣ ಇರಬೇಕು ಎಂದರು ಮೇಡಂ. ಆದರೂ ಖಾತ್ರಿಗೆ ಇನ್ನೊಮ್ಮೆ ಬಾದಾಮಿಗೆ ಹೋದೆವು. ಮರ ಒಂದು ಮಗ್ಗುಲಲ್ಲಿ ಬೆಳೆಯದಿದ್ದರೂ ಇನ್ನೊಂದು ಮಗ್ಗುಲಲ್ಲಿ ಎಳೆಯಷ್ಟಾದರೂ ಬೆಳೆದಿರಬಹುದಂತೆ. ಮೌಲಾಸಾಬ ಕಾಕಾ ತಾವೇ ಬೈರಿಗೆ ಹಿಡಿದು ತಿರುವಿದರು. ನಾನು ಸುಮ್ಮನಿದ್ದದ್ದು ನೋಡಿ, "ಯಾಕವಾ, ಇವತ್ತ ಖರೇ ಗಿರಮಿಟ್ ತರಲಿಲ್ಲಂತ ಮಾರಿ ಸಣ್ಣ ಮಾಡೀಯೇನು?" ಎಂದು ಚೇಷ್ಟೆ ಮಾಡಿದರು. ನನಗೆ ನಗು ಬರಲಿಲ್ಲ.

ಕೋಣೆಗೆ ಬಂದು ಎರಡು ದಿನ ಉಜ್ಜಿದೆ. ಮೂರನೆಯ ಮರದ ಹೊಸ ಕಡ್ಡಿಯಲ್ಲಿ, ಬೇಕಾದ ಜಾಗದಲ್ಲಿ, ಕೂದಲೆಳೆಯಷ್ಟು ಒಂದು ಕಪ್ಪು ಗೆರೆ ಸಿಕ್ಕಿತು. ನೋಡುವವರು ಗೆರೆಯೆಂದೇ ಎಣಿಸುವುದಿಲ್ಲ, ಅಷ್ಟು ಸಣ್ಣದು. ಮೇಡಂ ನೋಡಿ, "ಇದೇ," ಎಂದರು. ನಾನು ಅಳತೊಡಗಿದೆ. ಅವರಿಗೆ ಯಾಕೆಂದು ಗೊತ್ತಾಗಲಿಲ್ಲ, ಆಮೇಲೆ ಎಲ್ಲವನ್ನೂ ಹೇಳಿದೆ. ಕಡ್ಡಿಯನ್ನು ಒಂದು ದಿನ ಊರಿಗೆ ಒಯ್ಯಲು ಕೇಳಿದಾಗ, ಹಾಗೆ ಹೊರಗೆ ಒಯ್ಯುವಂತಿಲ್ಲ ಎಂದರು, ಆಮೇಲೆ ತಾವೇ ಅದನ್ನು ಹತ್ತಿಯಲ್ಲಿ ಸುತ್ತಿಕೊಟ್ಟರು.

ಇಳಕಲ್ಲಿಗೆ ಹೋಗಿ ಆಯಿಯ ರಾಟೆಯ ಮುಂದೆ ಕುಳಿತೆ. "ಆಯಿ, ನಂದ ತಪ್ಪಾಗೇತಿ. ಗಿಡ ಹಂಗ ಹೇಳಿರಲಿಲ್ಲ, ನಾನ ಬರದಿದ್ದೆ. ಆ ವರ್ಷ ಗಿಡ ಬೆಳದೇ ಇಲ್ಲ," ಎಂದು ಕಡ್ಡಿ ತೋರಿಸಲು ಹೋದೆ.

ಆಯಿ ಕಡ್ಡಿಯ ಕಡೆ ನೋಡಲೂ ಇಲ್ಲ. "ನನಗ್ಯಾಕ ಹೇಳ್ತಿ? ನನಗ ಗೊತ್ತಿತ್ತು. ಹೋಗಿ ಅಕಿಗೆ ಹೇಳು."

ಹುನಗುಂದದಲ್ಲಿ ಸರೋಜತ್ತೆ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನಾನು ಎಲ್ಲ ಹೇಳುವವರೆಗೆ ಮೊರದಿಂದ ಕಣ್ಣೆತ್ತಲಿಲ್ಲ. "ಅದು ಬಾದಾಮಿ ಗುಡ್ಡ, ಇದು ಇಳಕಲ್ಲ. ಅಲ್ಲಿ ಮಳಿ ಆಗಲಿಲ್ಲಂದ್ರ ಇಲ್ಲೂ ಆಗಿಲ್ಲಂತ ಹ್ಯಾಂಗ ಹೇಳ್ತಿ?" ಎಂದಳು. ಒಳ್ಳೆಯ ಪ್ರಶ್ನೆ, ಮೇಡಂ ಅವರೂ ಅದನ್ನೇ ಎಚ್ಚರಿಸಿದ್ದರು.

"ಇಳಕಲ್ಲ ಮಳಿ ನನಗ ಗೊತ್ತಿಲ್ಲತ್ತಿ. ಆದ್ರ ಆವಾಗ ನಮ್ಮ ಸೀರಿ ಹೋಗತಿದ್ದದ್ದ ಬಾದಾಮಿ ಕಡೆ. ಅಲ್ಲಿ ಮಂದಿ ತಗೊಳ್ಳಲಿಲ್ಲಂದ್ರ ಇಲ್ಲಿ ಮಗ್ಗ ನಿಂದ್ರತಿತ್ತು."

ಅತ್ತೆ ಮೊರ ಬದಿಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಕಡ್ಡಿ ತೆಗೆದುಕೊಂಡಳು. ಭೂತಗನ್ನಡಿ ಕೊಟ್ಟೆ. ಎಲ್ಲಿ ನೋಡಬೇಕೆಂದು ಸೂಜಿಯ ತುದಿಯಿಂದ ತೋರಿಸಿದೆ. ಅವಳೂ ನೇಕಾರರ ಮನೆಯಲ್ಲೇ ಹುಟ್ಟಿದವಳು, ಅವಳ ಕಣ್ಣು ಬೇಗ ಹಿಡಿಯಿತು. ಆ ಕೂದಲೆಳೆಯ ಮೇಲೆ ಬಹಳ ಹೊತ್ತು ಕಣ್ಣಿಟ್ಟಿದ್ದಳು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

"ಖರೇನ ಹೇಳಿದ್ಲೇನ ಹಂಗಾರ," ಎಂದಳು.

ಇಷ್ಟಕ್ಕೆ ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಅತ್ತೆ ಕಡ್ಡಿಯನ್ನು ವಾಪಸ್ಸು ಕೊಡಲಿಲ್ಲ. ಭೂತಗನ್ನಡಿಯನ್ನು ಒಂದು ಕಾಳಿನಷ್ಟು ಈಚೆಗೆ ಸರಿಸಿದಳು.

"ಇದರ ಮಗ್ಗಲದ್ದು? ಇದು ಮುಂದಿನ ವರ್ಷದ್ದಲ್ಲೇನು?"

"ಹೌದತ್ತಿ."

"ಭಾಳ ಅಗಲ ಐತಿ."

"ಹೌದತ್ತಿ. ಆ ವರ್ಷ ಮಳಿ ಚಲೋ ಆಗೇತಿ."

"ಮತ್ತ ಆವಾಗ ಯಾಕ ಬಂದು ಕರಕೊಂಡ ಹೋಗಲಿಲ್ಲ?"

ಅತ್ತೆ ಕಡ್ಡಿಯನ್ನು ಹತ್ತಿಯಲ್ಲಿ ಜೋಪಾನವಾಗಿ ಸುತ್ತಿ ನನ್ನ ಕೈಗಿಟ್ಟು, ಒಳಗೆ ಹೋಗಿ ಚಹಾ ಮಾಡಿ ತಂದಳು. ನಾವು ಬೇರೆ ಏನೇನೋ ಮಾತಾಡಿದೆವು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಆಯಿಗೆ ಏನು ಹೇಳುವುದೆಂದು ಯೋಚಿಸಿದೆ. ಸರೋಜತ್ತಿಗೆ ಭಾಳ ಸಮಾಧಾನ ಆತು, ಅತ್ತಳು, ಅಷ್ಟ ಸಾಕು. ಸುಳ್ಳೂ ಆಗುವುದಿಲ್ಲ, ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ನಡೆದದ್ದೇ. ಮುದುಕಿಗೆ ನೆಮ್ಮದಿ. ಮನೆ ಮುಟ್ಟುವಷ್ಟರಲ್ಲಿ ಆ ಮಾತುಗಳನ್ನು ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದೆ.

ಆಯಿ ರಾಟೆಯ ಮುಂದೆಯೇ ಇದ್ದಳು. "ಏನಂದ್ಲು?"

ಬಾಯಿ ತೆರೆದೆ. ಆ ಮೂರು ಸಹಿ ನೆನಪಾದವು. ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ, ಕೊನೆಯ ಪ್ರಶ್ನೆಯನ್ನೂ.

ರಾಟೆ ನಿಂತಿತು. ಆಯಿ ಕೈಯಲ್ಲಿದ್ದ ಕಂಡಿಕೆಯನ್ನು ಬುಟ್ಟಿಗೆ ಹಾಕಿದಳು.

"ಹೋಗಿದ್ದೆ," ಎಂದಳು.

ಮಗ್ಗದ ಕುಣಿಯಲ್ಲಿದ್ದ ಅಪ್ಪನ ಲಾಳಿಯೂ ನಿಂತಿತು. ಈ ಮಾತನ್ನು ಅವನೂ ಮೊದಲ ಸಲ ಕೇಳುತ್ತಿದ್ದ.

"ಮುಂದಿನ ವರ್ಷ ಸುಗ್ಗಿ ಆದಮ್ಯಾಲ ಹೋಗಿದ್ದೆ, ಕಲಾದಗಿಗೆ. ಅಕಿಗಂತ ಒಂದು ಸಣ್ಣ ಸೀರಿ ನೇಯ್ಕೊಂಡು. ಅಕಿ ಓಣ್ಯಾಗ ಆಡಾಕತ್ತಿದ್ಲು. ಮೈಕೈ ತುಂಬಿಕೊಂಡಿದ್ಲು. ಓಡೂವಾಗ ಬಿದ್ಲು, ಮೊಣಕಾಲು ಕೆತ್ತಿತು. 'ಅವ್ವಾ' ಅಂತ ಒದರಿದ್ಲು. ನಾ ಕೈ ಚಾಚಿದೆ. ನನ್ನ ದಾಟಿಕೊಂಡ ಓಡಿಹೋಗಿ ನಮ್ಮಕ್ಕನ್ನ ಹಿಡಕೊಂಡ್ಲು."

"ಆಮ್ಯಾಲ?"

"ಆಮ್ಯಾಲೇನು. ಸೀರಿ ಕಟ್ಟಿ ಮ್ಯಾಲಿಟ್ಟು ಬಂದೆ. ಯಾರು ಇಟ್ಟಾರಂತ ಅವರಿಗೂ ಗೊತ್ತಾಗಿರಲಿಕ್ಕಿಲ್ಲ."

ನಾನು, "ಆಯಿ, ಮತ್ತ ಹುನಗುಂದಕ್ಕ ಹೋಗಿ ಇದನ್ನೂ ಅತ್ತಿಗೆ ಹೇಳಿ ಬರ್ಲೇನು?" ಎಂದೆ.

"ನೀ ಹೇಳಿದ್ದ ಸಾಕು," ಎಂದಳು ಆಯಿ. ಗೋಡೆ ಹಿಡಿದು ಎದ್ದಳು. ಗೂಟದ ಮೇಲಿದ್ದ ಒಗೆದ ಸೀರೆ ತೆಗೆದು ಹೆಗಲ ಮೇಲೆ ಹಾಕಿಕೊಂಡು ನನ್ನ ಕಡೆ ತಿರುಗಿದಳು. "ಹುನಗುಂದಕ್ಕ ಬಸ್ಸು ಎಷ್ಟೊತ್ತಿಗೈತಿ?"

ಇಳಕಲ್ಲಿನಿಂದ ಹುನಗುಂದಕ್ಕೆ ಕಾಲು ಗಂಟೆಗೊಂದು ಬಸ್ಸಿದೆ. ನಮ್ಮ ಓಣಿಯ ಸಣ್ಣ ಮಕ್ಕಳಿಗೂ ಅದು ಗೊತ್ತು. ಆಯಿಗೆ ಗೊತ್ತಿರಲಿಲ್ಲ.